ಇಂದ್ರವ್ವ ನೀರಿನ ಗುಣ ವಿಚಾರಿಸಿದ್ದು

೧

ಒಂದಾನೊಂದು ಊರಿನಲ್ಲಿ ಅಂತ ಶುರುಮಾಡಲೇ? ಬೇಡ, ಮೊದಲ ಸಾಲಿಗೇ ನೀವು ಆಕಳಿಸುತ್ತೀರಿ. ಊರಿನ ಹೆಸರು ಹಾಕೋಣವೆಂದರೆ ಇಂದ್ರವ್ವ ಬಿಡುವುದಿಲ್ಲ. "ಹೆಸರು ಬರದಿ ಅಂದ್ರ ನಾಳಿ ನಮ್ಮೂರಿಗೆ ಯಾರೂ ಹೆಣ್ಣು ಕೊಡಂಗಿಲ್ಲ ನೋಡವಾ." ಆದ್ದರಿಂದ, ಮಮದಾಪುರ ದಾಟಿದ ಮೇಲೆ, ಕಬ್ಬಿನ ನಡುವೆ ಒಂದು ಊರು. ಊರಿಗೊಂದು ಕೇರಿ, ಕೇರಿಗೊಂದು ಬಾವಿ.

ಊರ ಬಾವಿಯ ಹಗ್ಗ ಮುಟ್ಟಲು ಬಿಡದ ಕಾಲದಲ್ಲಿ ಇಂದ್ರವ್ವನ ಮಾವ ಕೇರಿಯವರನ್ನು ಕಟ್ಟಿಕೊಂಡು ಬಂಡೆ ಒಡೆದು ತೆಗೆದ ನೀರು ಅದು.

೨

(ಇಲ್ಲಿ ಸಮಸ್ಯೆ ಬರಬೇಕು. ಬಂತು.)

ಇಂದ್ರವ್ವನ ಸೊಸೆ ಶೀತಲ್‌ಗೆ ಎರಡು ತಿಂಗಳ ಮಗಳು. ಎದೆಹಾಲು ಸಾಲದೆ ಪುಡಿಹಾಲು ಕಲಸುತ್ತಾರೆ, ಬಾವಿಯ ನೀರಿನಲ್ಲಿ. ನೀರು ಪರೀಕ್ಷೆಗೆ ಬಂದವರು, ಹೊಲಕ್ಕೆ ಸುರಿದ ಯೂರಿಯಾ ಬಾವಿಗಿಳಿದು ನೈಟ್ರೇಟ್ ಹೆಚ್ಚಾಗಿದೆ, ಕೂಸಿಗೆ ಕೊಟ್ಟರೆ ಮೈ ನೀಲಿಗಟ್ಟೀತು, ಕುದಿಸಿದರೂ ಹೋಗುವಂಥದ್ದಲ್ಲ ಎಂದರು. ವಿಜ್ಞಾನಿಗಳೆಲ್ಲ ಒಪ್ಪಿದ ಮಾತು ಎಂದೂ ಸೇರಿಸಿದರು.

ಅದೊಂದನ್ನು ಸೇರಿಸಬಾರದಿತ್ತು.

"ಎಲ್ಲಾರೂ ಕೂಡಿ ಒಪ್ಪಿದ್ದು ಖರೆ ಆಗತೈತೇನು?" ಎಂದಳು ಇಂದ್ರವ್ವ. "ನಮಗ ನೀರು ಕೊಡಬಾರದಂತ ಊರಿಗೆ ಊರೇ ಕೂಡಿ ಒಪ್ಪಿತ್ತು."

ಶೀತಲ್‌ ಶುದ್ಧ ನೀರಿನ ಘಟಕದಿಂದ ಫಿಲ್ಟರ್ ನೀರು ತಂದಿಟ್ಟರೆ ಅತ್ತೆ ಅದನ್ನು ಕರಿಬೇವಿನ ಗಿಡಕ್ಕೆ ಸುರಿಯುತ್ತಿದ್ದಳು. ಗಿಡ ಮಾತ್ರ ಸೊಂಪಾಗಿ ಚಿಗುರಿತು. ಕೂಸಿನ ತುಟಿ ಸ್ವಲ್ಪ ಮಂಕಾದರೂ ಶೀತಲ್ ಎದ್ದು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

೩ (ಹರಿದು ಹಾಕಿದ್ದು)

ಇಲ್ಲಿ ಬಿ.ಎಸ್ಸಿ. ಓದಿದ ಶೀತಲ್ ಅತ್ತೆಗೆ ಒಂದೂವರೆ ಪುಟ ವಿಜ್ಞಾನ ತಿಳಿಸಿ ಹೇಳುತ್ತಿದ್ದಳು, ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಂದ್ರವ್ವ ಓದಿಸಿ ಕೇಳಿದಳು. ಸೊಸೆಯ ಭಾಷಣಕ್ಕೆ ಅಳುವ ಅತ್ತೆ ತಾನಲ್ಲವಂತೆ, ಬೇಕಿದ್ದರೆ ಬೇರೆ ಅತ್ತೆ ಹುಡುಕಿಕೊಳ್ಳಬೇಕಂತೆ. ಶೀತಲ್‌ಗೂ ಆ ಭಾಷಣ ಬೋರ್ ಹೊಡೆದಿತ್ತು. ಡಿಲೀಟ್.

೪

ಹೀಗಿರಲಿ. ವರನ ಗುಣ ವಿಚಾರಿಸುವುದರಲ್ಲಿ ಇಂದ್ರವ್ವನನ್ನು ಮೀರಿಸಿದವರಿಲ್ಲ. ಹುಡುಗನ ಮನೆಯವರನ್ನು ಅವಳು ಕೇಳುವುದೇ ಇಲ್ಲ, ಅವರು ಮೊದಲೇ ಕೂತು ಮಾತಾಡಿಕೊಂಡಿರುತ್ತಾರೆ. ಒಬ್ಬರಿಗೊಬ್ಬರು ಪರಿಚಯವಿಲ್ಲದವರನ್ನು ಬೇರೆ ಬೇರೆ ಊರಲ್ಲಿ ಹಿಡಿಯುತ್ತಾಳೆ, ಯಾಕೆ ಕೇಳುತ್ತಿದ್ದೇನೆಂದು ಬಾಯಿ ಬಿಡುವುದಿಲ್ಲ. ಕೊನೆಗೆ ಹುಡುಗನ ಅಪ್ಪನೊಂದಿಗೆ ಬದುವಿನ ಜಗಳ ಆಡಿದವನ ಮನೆಗೆ ಹೋಗುತ್ತಾಳೆ. ಅವನೂ ಹುಡುಗ ಚಲೋ ಎಂದರೆ ಹುಡುಗ ಚಲೋ.

ಇದನ್ನು ನೆನೆದು ಶೀತಲ್ ಅಂದಳು, "ವಿಜ್ಞಾನಿಗೋಳೂ ಹಂಗ ಮಾಡತಾರ್ರೀ ಅತ್ತಿ. ಒಬ್ಬರು ಹೇಳಿದ್ದನ್ನ ಸುಳ್ಳು ಮಾಡಾಕ ಇನ್ನೊಬ್ಬರು ಕಾದು ಕುಂತಿರತಾರ. ಆದ್ರೂ ಸುಳ್ಳು ಆಗಲಿಲ್ಲ ಅಂದ್ರ ಒಪ್ಪತಾರ. ನೀವು ನಂಬಬ್ಯಾಡ್ರಿ. ವಿಚಾರಿಸ್ರಿ."

ಇಂದ್ರವ್ವ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಕರಾರಾಯಿತು. ಉತ್ತರ ಬರುವವರೆಗೆ ಕೂಸಿಗೆ ಫಿಲ್ಟರ್ ನೀರು. ಮೂರು ಕಡೆ ಕೇಳುವುದು, ಒಂದು ಕಡೆ ಬೇರೆ ಮಾತು ಬಂದರೂ ಆಮೇಲೆ ಬಾವಿಯದೇ ನೀರು.

೫

ಗೋಕಾಕ, ಮೂಡಲಗಿ, ಹುಕ್ಕೇರಿ. ಮೂರೂ ಕಡೆಯ ಲ್ಯಾಬಿಗೆ ಇಂದ್ರವ್ವ ತಾನೇ ಬಸ್ಸಿನಲ್ಲಿ ಹೋದಳು, ಒಂದೊಂದು ಕಡೆಗೆ ಎರಡೆರಡು ಬಾಟಲಿ ಹೊತ್ತು. ಕೆಂಪು ದಾರದ್ದು ಬಾವಿ ನೀರು, ನೀಲಿ ದಾರದ್ದು ಫಿಲ್ಟರ್ ನೀರು. ಮೂಡಲಗಿಯಲ್ಲಿ, ಗೋಕಾಕದವರು ಕೆಂಪು ದಾರದ್ದು ಕೆಟ್ಟದ್ದೆಂದು ಆಗಲೇ ಹೇಳಿಬಿಟ್ಟಿದ್ದಾರೆ ಎಂದು ಗಾಳವನ್ನೂ ಹಾಕಿದಳು.

ರಿಪೋರ್ಟು ಮೊಬೈಲಿಗೆ ಬಂತು. ಗೋಕಾಕ: ಕೆಂಪು ಕೆಟ್ಟದ್ದು. ಹುಕ್ಕೇರಿ: ಕೆಂಪು ಕೆಟ್ಟದ್ದು. ಮೂಡಲಗಿ: ಕೆಂಪು ಚಲೋ, ನೀಲಿ ಕೆಟ್ಟದ್ದು.

ಶೀತಲ್‌ ಎರಡೆರಡು ಸಲ ಓದಿದಳು. ಒಂದು ಕಡೆ ಬೇರೆ ಮಾತು ಬಂದಿತ್ತು. ಓದಿದ ಓದೇ ತನ್ನ ಕೂಸಿನ ಮೇಲೆ ತಿರುಗಿಬಿದ್ದಂತೆನಿಸಿ ಅವಳು ಬಾಟಲಿ ತೊಳೆಯುತ್ತ ನಿಂತಳು. (ನಾನು ಇಲ್ಲಿಗೇ ಮುಗಿಸಬಹುದಿತ್ತು. ದುರಂತಕ್ಕೆ ಮರ್ಯಾದೆ ಜಾಸ್ತಿ.)

ಹಿಂದಿನಿಂದ ಅತ್ತೆ ನಗುವುದು ಕೇಳಿಸಿತು.

"ಮೂಡಲಗ್ಯಾಗ ದಾರ ಅದಲಿ ಬದಲಿ ಮಾಡಿದ್ದೆ," ಎಂದಳು ಇಂದ್ರವ್ವ. "ಫೋನಿನ್ಯಾಗ ಮಾತಾಡಿಕೊಂಡಿದ್ರ ಅವರೂ ಕೆಂಪು ಕೆಟ್ಟದ್ದು ಅಂತಿದ್ರು. ಬಾಡ್ಯಾಗೋಳು ನೀರು ನೋಡ್ಯಾರ, ದಾರ ನೋಡಿಲ್ಲ."

೬

ಮುಕ್ತಾಯ ಒಂದು: ಅತ್ತೆ ಸೊಸೆಯ ಕ್ಷಮೆ ಕೇಳುತ್ತಾಳೆ. (ಇಂದ್ರವ್ವ ನನ್ನನ್ನು ನೋಡಿದ ರೀತಿಗೆ ಪೆನ್ನು ಕೆಳಗಿಟ್ಟೆ.)

ಮುಕ್ತಾಯ ಎರಡು: ಬಾವಿ ಮುಚ್ಚುತ್ತಾರೆ. (ಕೇರಿಯವರು ನನ್ನನ್ನೇ ಮುಚ್ಚುತ್ತಿದ್ದರು.)

ನಡೆದದ್ದೆಂದರೆ, ಇಂದ್ರವ್ವ ತಾನೇ ಫಿಲ್ಟರ್ ನೀರಿನಲ್ಲಿ ಹಾಲು ಕಲಸಿ ಮೊಮ್ಮಗಳಿಗೆ ಕುಡಿಸಿದಳು. ಆಮೇಲೆ ಸೆರಗು ಬಿಗಿದು ಬಾವಿಕಟ್ಟೆ ಹತ್ತಿದಳು.

"ನಮ್ಮ ಬಾವಿ ಕೆಟ್ಟಿಲ್ಲ. ಕೆಡಿಸ್ಯಾರ," ಎಂದು ಕೇರಿಗೆಲ್ಲ ಕೇಳುವಂತೆ ಸಾರಿದಳು. "ವಿಜ್ಞಾನಿಗೋಳು ಅಂದ್ರಂತ ಹೇಳಾಕತ್ತಿಲ್ಲ. ಅವರನ್ನ ಸುಳ್ಳು ಮಾಡಾಕ ಹೋಗಿದ್ದೆ, ಆಗಲಿಲ್ಲ. ಅದಕ್ಕ ಹೇಳಾಕತ್ತೇನಿ."

ಯಾರೋ ಹಲಗೆ ತಂದು ಬಾರಿಸಿದರು. ಶೀತಲ್ ಕೂಸನ್ನೆತ್ತಿಕೊಂಡು, ಅದೇನೋ ತನ್ನದೇ ಮದುವೆಯ ಮೆರವಣಿಗೆ ಹೊರಟಂತೆ ಕುಣಿದಳು.

ಮರುವಾರ ಊರ ಕಡೆಯಿಂದ ಚನ್ನವ್ವ ಬಂದಳು, ಕಬ್ಬಿನ ಹೊಲದೊಡೆಯರ ಮನೆಯಾಕೆ. ಅವಳ ಸೊಸೆ ಬಸುರಿ. ಸೆರಗಿನ ಕೆಳಗೆ ತಮ್ಮ ಬಾವಿಯ ನೀರಿನ ಬಾಟಲಿ. ಇದನ್ನೂ ವಿಚಾರಿಸಿಕೊಡಬೇಕು ಎಂದು ಕೇಳಿಕೊಂಡಳು. ಇಂದ್ರವ್ವ ಕಟ್ಟೆಯ ಮೇಲೆ ಜಾಗ ಮಾಡಿ ಕೂರಿಸಿಕೊಂಡಳು, ಬಾಟಲಿ ಇಸಿದುಕೊಂಡಳು.

ಚನ್ನವ್ವನ ನೀರು ಏನಾಯಿತು ಎನ್ನುತ್ತೀರಾ? ಇಂದ್ರವ್ವ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಓಡಿಹೋಗಿ ಕೇಳಿದೆ, ಈ ಸಲ ಯಾವ ಊರಿಗೆ, ಯಾವ ದಾರ ಅಂತ. ಅವಳು ಬಸ್ಸಿನ ಮೆಟ್ಟಿಲು ಹತ್ತುತ್ತ ಅಂದಳು:

"ಹೇಳಂಗಿಲ್ಲವಾ. ನೀ ಬರದಬಿಡತಿ, ಲ್ಯಾಬಿನವರು ಓದಿಬಿಡತಾರ."