ಅಡುಗೆಯವನ ಹೆಂಡತಿ ಘಾಟಿ ಹತ್ತಿದಳು

ಬೆಟ್ಟದೂರು ಚಿಲ್ಕಾಪಾಟದ ಹೆಂಗಸರ ನೇಯ್ಗೆ ಸಂಘದಲ್ಲಿ ಆ ವರ್ಷ ಸ್ವಲ್ಪ ದುಡ್ಡು ಉಳಿದಿತ್ತು. ಸಭಾಮನೆಗೆ ತಗಡಿನ ಮಾಡು ಹಾಕಿಸಿಬಿಡಿ ಎಂದು ಗಂಡಸರು ಬಾಗಿಲ ಹೊರಗೆ ನಿಂತೇ ಸಲಹೆ ಕೊಟ್ಟರು. ಒಳಗೆ ಹನ್ನೊಂದು ಹೆಂಗಸರು ಕದಿರು ತಿರುಗಿಸುತ್ತ ಕೂತಿದ್ದರು. ಅವರಲ್ಲಿ ಎಲ್ಲರಿಗಿಂತ ಹಿರಿಯಳಾದ ದಾಮಿಯಾನಜ್ಜಿ, ಎಪ್ಪತ್ತೆರಡು ದಾಟಿದವಳು, ನೂಲಿನಿಂದ ಕಣ್ಣೆತ್ತದೆಯೇ ಹೇಳಿದಳು:

"ಮಾಡು ಎಲ್ಲಿಗೂ ಓಡಿಹೋಗಲ್ಲ. ನನ್ನ ಮೊಣಕಾಲು ಓಡಿಹೋಗ್ತಾ ಇದಾವೆ. ನಾನು ಆ ಹಳೇ ಅರಸರ ಕಲ್ಲೂರು ಮಾಚು ಪಿಚು ನೋಡ್ಬೇಕು. ರೈಲಲ್ಲಿ ಅಲ್ಲ, ನಡ್ಕೊಂಡು. ಆ ಪರದೇಶದೋರು ಹೋಗ್ತಾರಲ್ಲ, ಹಾಗೆ."

"ಹಾಗೆ ಅಂದ್ರೆ ಹೇಗಜ್ಜಿ?"

"ಹಾಗೆ ಅಂದ್ರೆ ಹಾಗೇ. ಬೆಳಿಗ್ಗೆ ಟೆಂಟಿನ ಬಾಗಿಲಿಗೇ ಟೀ. ಮುಖಕ್ಕೆ ಬೋಗುಣೀಲಿ ಬಿಸಿನೀರು. ಸಂಜೆ ಜೋಳದ ಅರಳು. ಹೊರೆ ಎಲ್ಲ ಗಂಡಸರ ಬೆನ್ನಿಗೆ. ಕೂಲಿ ನಾವು ಕೊಡೋಣ."

ಹೊರಗೆ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಊರಿನ ಗಂಡಸರ ಕಸುಬೇ ಅದು. ಪರದೇಶದವರ ಟೆಂಟು, ಕುರ್ಚಿ, ಗ್ಯಾಸಿನ ಸಿಲಿಂಡರು ಹೊತ್ತು ನಾಲ್ಕು ದಿನ ಬೆಟ್ಟ ಹತ್ತಿ ಇಳಿಯುವುದು. ಒಳಗೆ ಹನ್ನೊಂದು ಕೈಗಳು ಒಟ್ಟಿಗೆ ಮೇಲೆದ್ದಾಗ ನಗು ನಿಂತಿತು.

ಮೊದಲು ಕೈ ಎತ್ತಿದವಳು ನಿಕಾಸಿಯ. ಅವಳಿಗೆ ಮಾಚು ಪಿಚುವಿಗಿಂತ ಹೆಚ್ಚಾಗಿ ಇನ್ನೊಂದು ಸಂಗತಿ ನೋಡಬೇಕಿತ್ತು. ಅವಳ ಗಂಡ ಸೆವೇರೊ ಇಪ್ಪತ್ತೇಳು ವರ್ಷದಿಂದ ಆ ದಾರಿಯ ಅಡುಗೆ ಟೆಂಟಿನಲ್ಲಿ, ಈಗ ದೊಡ್ಡ ಅಡುಗೆಯವನು. ಅವನ ಸಾರು ಕುಡಿದು ಜರ್ಮನಿಯವನೊಬ್ಬ ಕಣ್ಣೀರು ಹಾಕಿದನಂತೆ. ಯಾರೋ ಹೆಂಗಸು ಅವನ ಕೈಗೆ ಮುತ್ತಿಟ್ಟಳಂತೆ. ಊರಿನ ಗಂಡಸರೆಲ್ಲ ಅವನ ಅಡುಗೆಯ ಮಾತೆತ್ತಿದರೆ ತುಟಿ ಚಪ್ಪರಿಸುತ್ತಿದ್ದರು. ಅದೇ ಸೆವೇರೊ ಮನೆಗೆ ಬಂದರೆ ಒಲೆಗೆ ಬೆನ್ನು ಹಾಕಿ ಕೂತು, "ಊಟ ಆಯ್ತಾ?" ಎನ್ನುವನು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವನ ಕೈಯಿಂದ ಒಂದು ಬೇಯಿಸಿದ ಆಲೂಗಡ್ಡೆ ತಿಂದ ನೆನಪೂ ಅವಳಿಗಿರಲಿಲ್ಲ.

ಆ ರಾತ್ರಿಯ ಊಟಕ್ಕೆ ಬಡಿಸುತ್ತ ಅವಳು ಕೇಳಿದಳು. "ನೀನೇ ತಾನೇ ಅಡುಗೆಗೆ ಬರೋದು?"

"ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ," ಎಂದ ಸೆವೇರೊ.

"ಬೇರೆಯವರು ಬೇಡ. ಜರ್ಮನಿಯವನು ಅತ್ತಿದ್ದು ಯಾತಕ್ಕೆ ಅಂತ ನೋಡ್ಬೇಕು."

ನಡಿಗೆಯ ಮೊದಲ ದಿನ, ದಾರಿ ಶುರುವಾಗುವ ಗೇಟಿನಲ್ಲಿ ಕಾಗದ ನೋಡುವ ಅಧಿಕಾರಿ ದಾಮಿಯಾನಜ್ಜಿಯನ್ನು ಮೇಲೆ ಕೆಳಗೆ ನೋಡಿದ. "ಅಜ್ಜಿ, ಹೊರೆಯೋರು ಆ ಸಾಲಲ್ಲಿ ನಿಲ್ಬೇಕು."

"ನಾನು ಪ್ರವಾಸಿ ಕಣಪ್ಪಾ."

"ಮತ್ತೆ ಬೆನ್ನ ಮೇಲೆ ಗಂಟು?"

ಅಜ್ಜಿ ಹೆಗಲ ಕಂಬಳಿ ಬಿಚ್ಚಿ ತೋರಿಸಿದಳು. ಒಳಗೆ ಏನೂ ಇರಲಿಲ್ಲ. "ಖಾಲಿ ಬೆನ್ನಲ್ಲಿ ನಡೆದು ಗೊತ್ತಿಲ್ಲ. ಗಾಳಿಗೆ ಹಾರಿಹೋಗ್ತೀನೇನೋ ಅಂತ ಕಟ್ಕೊಂಡೆ."

ಅಧಿಕಾರಿ ಅವಳ ಹಿಂದೆ ನೋಡಿದರೆ ಉಳಿದ ಹತ್ತು ಜನರ ಬೆನ್ನಿನಲ್ಲೂ ಖಾಲಿ ಗಂಟುಗಳೇ.

ಆ ಸಂಜೆ ಊಟದ ಟೆಂಟಿನಲ್ಲಿ ಮೇಜಿನ ಮೇಲೆ ಕಾಗದದ ಕರವಸ್ತ್ರಗಳು ಹಕ್ಕಿಯ ಹಾಗೆ ಮಡಚಿ ಕೂತಿದ್ದವು. ನಡುವೆ ಸೌತೆಕಾಯಿಯಲ್ಲಿ ಕೊರೆದ ರಣಹದ್ದು, ರೆಕ್ಕೆ ಅಗಲಿಸಿಕೊಂಡು. ಹೆಂಗಸರು ಅದನ್ನು ಮುಟ್ಟಲಿಲ್ಲ, ಹೆದರಿದವರ ಹಾಗೆ ಸುತ್ತ ಕೂತರು. ಆಮೇಲೆ ಕಿನೋವಾ ಕಾಳಿನ ಸಾರು ಬಂತು. ನಿಕಾಸಿಯ ಒಂದು ಚಮಚ ಬಾಯಿಗಿಟ್ಟಳು. ಇನ್ನೊಂದು ಇಟ್ಟಳು. ಬಟ್ಟಲು ಬರಿದಾಗುವವರೆಗೆ ತಲೆ ಎತ್ತಲಿಲ್ಲ. ಪಕ್ಕದಲ್ಲಿ ದಾಮಿಯಾನಜ್ಜಿ, "ಅಯ್ಯೋ, ಇವನ್ನ ನಾನೇ ಕಟ್ಕೋಬೇಕಿತ್ತು ಕಣೇ," ಎಂದಳು. ಟೆಂಟೆಲ್ಲ ನಕ್ಕಿತು. ನಿಕಾಸಿಯಳಿಗೆ ನಗು ಬರಲಿಲ್ಲ. ಸಾರು ಅಷ್ಟು ಚೆನ್ನಾಗಿತ್ತು. ಅದಕ್ಕೇ ಅವಳಿಗೆ ಉರಿದುಹೋಯಿತು.

ಸೆವೇರೊ ಬಿಳಿ ಟೊಪ್ಪಿ ಹಾಕಿಕೊಂಡು ಬಾಗಿಲಲ್ಲಿ ಬಂದು ನಿಂತ. ಪ್ರವಾಸಿಗಳನ್ನು ಕೇಳುವ ಹಾಗೇ ಕೇಳಿದ. "ಎಲ್ಲಾ ಸರಿಯಾಯ್ತಾ?"

"ಉಪ್ಪು ಸ್ವಲ್ಪ ಮುಂದಾಯ್ತು," ಎಂದಳು ನಿಕಾಸಿಯ. ಸುಳ್ಳು. ಅವನ ಟೊಪ್ಪಿ ಒಂದು ಗಳಿಗೆ ಅಲ್ಲೇ ನಿಂತು ಹಿಂದೆ ಸರಿಯಿತು.

ಮರುದಿನ ಹತ್ತಬೇಕಾದದ್ದು 'ಸತ್ತ ಹೆಂಗಸಿನ ಘಾಟಿ'. ನಾಲ್ಕು ಸಾವಿರ ಮೀಟರಿನ ಮೇಲೆ. ಅಲ್ಲಿ ಪರದೇಶದವರು ಹತ್ತು ಹೆಜ್ಜೆಗೊಮ್ಮೆ ನಿಂತು ಕೋಲಿಗೆ ಒರಗಿ ತಮ್ಮ ದೇವರನ್ನು ನೆನೆಯುತ್ತಾರೆ. ಹೆಂಗಸರು ಟಯರಿನ ಚಪ್ಪಲಿ ಮೆಟ್ಟಿ, ನೂಲು ತೆಗೆಯುತ್ತ, ಪಕ್ಕದೂರಿನ ಮದುವೆಯ ಸುದ್ದಿ ಹೇಳಿಕೊಳ್ಳುತ್ತ ಹತ್ತಿದರು. ಇಪ್ಪತ್ತು ಕಿಲೋ ಹೊತ್ತ ಗಂಡಂದಿರನ್ನು ಮೊದಲ ತಿರುವಿನಲ್ಲೇ ಹಿಂದೆ ಹಾಕಿದರು. ಗೈಡ್ ರೊಸೆಂಡೊ ಅದೇ ಊರಿನ ಹುಡುಗ, ಪಟ್ಟಣದಲ್ಲಿ ಓದಿ ಬಂದವನು. ಅವನು ಏದುಸಿರು ಬಿಡುತ್ತ ಮೇಲೆ ತಲುಪಿ, ಅಭ್ಯಾಸಬಲದಿಂದ ಪಾಠ ಶುರು ಮಾಡಿದ. "ಈ ಬೆಟ್ಟಾನ ದೂರದಿಂದ ನೋಡಿದ್ರೆ, ಸತ್ತ ಹೆಂಗಸು ಅಂಗಾತ ಬಿದ್ದ ಹಾಗೆ..."

"ಸತ್ತಿಲ್ಲ, ಮಲಗಿದಾಳೆ," ಎಂದಳು ದಾಮಿಯಾನಜ್ಜಿ. "ಹೆಂಗಸು ಮಧ್ಯಾಹ್ನ ಒಂದು ಗಳಿಗೆ ಅಡ್ಡಾದ್ರೆ ಸಾಕು, ಸತ್ಲು ಸತ್ಲು ಅಂತ ಡಂಗುರ ಹೊಡೀತಾರೆ ಈ ಗಂಡಸರು."

ಅವರು ಬೆಟ್ಟದ ದೇವರಿಗೆಂದು ಮೂರು ಮೂರು ಕೋಕಾ ಎಲೆ ಜೋಡಿಸಿ, ಹಿಮದ ಶಿಖರಗಳ ಕಡೆಗೆ ಉಸಿರೂದಿ, ಕಲ್ಲಿನ ಗುಡ್ಡೆಯ ಕೆಳಗಿಟ್ಟರು. ಗಾಳಿ ಟೊಪ್ಪಿಗಳನ್ನು ಕಿತ್ತುಕೊಳ್ಳಲು ನೋಡುತ್ತಿತ್ತು. ನಿಕಾಸಿಯ ಇಳಿಜಾರಿನ ಕಡೆ ನೋಡಿದಳು. ತೀರ ಕೆಳಗೆ, ಇರುವೆಯ ಸಾಲಿನಂತೆ ಗಂಡಸರು ಬರುತ್ತಿದ್ದರು. ಅವರಲ್ಲಿ ಬಗ್ಗಿ ನಡೆಯುವ ಒಂದು ಆಕಾರದ ಬೆನ್ನ ಮೇಲೆ ಪಾತ್ರೆಗಳು ಹೊಳೆಯುತ್ತಿದ್ದವು. ಇಷ್ಟು ವರ್ಷ ಅವನು "ಕಾಲು ನೋವು" ಎಂದಾಗಲೆಲ್ಲ ಅವಳು ನಂಬಿರಲಿಲ್ಲ. ಈಗ ಎಣಿಸಿ ನೋಡಿದಳು: ವರ್ಷಕ್ಕೆ ಇಪ್ಪತ್ತೈದು ಸಲವಾದರೂ ಈ ಮೆಟ್ಟಿಲು.

ಘಾಟಿಯ ಆಚೆ ಇಳಿದು ಬಿಡಾರದ ಜಾಗಕ್ಕೆ ಬಂದರೆ ಅಲ್ಲಿ ಹುಲ್ಲು ಬಿಟ್ಟು ಏನೂ ಇಲ್ಲ. ಟೆಂಟುಗಳು ಇನ್ನೂ ಗಂಡಸರ ಬೆನ್ನ ಮೇಲೇ ಇದ್ದವು.

"ಕೂತ್ಕೊಳ್ಳಿ," ಎಂದಳು ಅಜ್ಜಿ. "ಪ್ರವಾಸಿಗಳು ಕೆಲಸ ಮಾಡಲ್ಲ."

ಅವರು ಸಾಲಾಗಿ ಕೂತರು. ಅಷ್ಟು ಕಷ್ಟದ ಕೆಲಸ ಅವರ್ಯಾರೂ ಜನ್ಮದಲ್ಲಿ ಮಾಡಿರಲಿಲ್ಲ. ಗಂಡಸರು ಬಂದು, ನಾಚಿಕೆಯಿಂದ ಕೆಂಪಾಗಿ, ಗೂಟ ಹೊಡೆಯತೊಡಗಿದರು. ಗೂಟ ಸೊಟ್ಟಗಿದೆ, ಹಗ್ಗ ಸಡಿಲವಾಗಿದೆ ಎಂದು ಹನ್ನೊಂದು ಬಾಯಿಗಳು ಕೂತಲ್ಲಿಂದಲೇ ಹೇಳಿದವು. ನಿಕಾಸಿಯ ಮಾತ್ರ ತಡೆಯಲಾರದೆ ಎದ್ದು ಅಡುಗೆ ಟೆಂಟಿನೊಳಗೆ ಹೋದಳು.

ಸೆವೇರೊ ಗಜ್ಜರಿ ಹೆರೆಯುತ್ತಿದ್ದ. "ಪ್ರವಾಸಿಗಳು ಒಳಗೆ ಬರೋ ಹಾಗಿಲ್ಲ."

"ನಾನು ಕೂಲಿ ಕೊಡೋಳು. ಎಲ್ಲಿ ಬೇಕಾದ್ರೂ ಬರ್ತೀನಿ." ಅವಳು ಅಕ್ಕಿಯ ಮೂಟೆಯ ಮೇಲೆ ಕೂತಳು. "ನಿನ್ನೆ ಸಾರಲ್ಲಿ ಉಪ್ಪು ಸರಿಯಾಗೇ ಇತ್ತು."

"ಗೊತ್ತು."

"ಗೊತ್ತಿದ್ರೆ ಹೇಳು. ಮೂವತ್ತೊಂದು ವರ್ಷ ಯಾಕೆ ಒಂದು ದಿನಾನೂ ನಂಗೆ ಮಾಡಿಹಾಕ್ಲಿಲ್ಲ?"

ಚಾಕು ನಿಂತಿತು. "ಮಾಡಿಹಾಕಿದ್ದೆ."

"ಯಾವಾಗ?"

"ಮದುವೆಯಾದ ನಾಲ್ಕನೇ ವರ್ಷ. ಆಗಷ್ಟೇ ಇಲ್ಲಿ ಪಾತ್ರೆ ತೊಳೆಯೋಕೆ ಸೇರಿದ್ದೆ. ದೊಡ್ಡ ಅಡುಗೆಯವನು ಪ್ಯಾನ್‌ಕೇಕ್ ಮಾಡೋದು ನೋಡ್ಕೊಂಡು ಬಂದು, ನೀನು ಖುಷಿಪಡ್ತೀಯ ಅಂತ ಮನೇಲಿ ಮಾಡ್ದೆ. ನಮ್ಮ ಸಗಣಿ ಬೆಂಕಿ ಕೇಳ್ಬೇಕಲ್ಲ, ಹೊರಗೆ ಕರಕಲು, ಒಳಗೆ ಹಸಿ. ನೀನು ಅದನ್ನ ಎತ್ತಿ ಹಿಡಿದು ಅಕ್ಕಪಕ್ಕದೋರಿಗೆಲ್ಲ ತೋರಿಸ್ದೆ. 'ನೋಡ್ರೇ, ನನ್ನ ಗಂಡ ಚಪ್ಪಲಿಗೆ ಅಟ್ಟೆ ಮಾಡಿದಾನೆ' ಅಂದೆ. ಒಂದು ವರ್ಷ ಊರೋರೆಲ್ಲ ನನ್ನ ಅಟ್ಟೆ ಅಂತಾನೇ ಕರೆದ್ರು."

ನಿಕಾಸಿಯ ಬಾಯಿ ತೆರೆದಳು. ಅವಳಿಗೆ ಆ ಹೆಸರು ನೆನಪಿತ್ತು. ಅಟ್ಟೆ ಸೆವೇರೊ. ಅದು ಹುಟ್ಟಿದ್ದು ತನ್ನ ಬಾಯಿಂದಲೇ ಎನ್ನುವುದನ್ನು ಮಾತ್ರ ಪೂರಾ ಮರೆತುಬಿಟ್ಟಿದ್ದಳು. ನಗು ಒತ್ತರಿಸಿ ಬಂತು. ಅವನ ಮುಖ ನೋಡಿ ಅದನ್ನು ನುಂಗಿದಳು, ನುಂಗಲಾಗಲಿಲ್ಲ, ಹೆಗಲ ಕಂಬಳಿಯ ಅಂಚು ಬಾಯಿಗೆ ಒತ್ತಿಕೊಂಡಳು.

"ನಗು, ನಗು," ಎಂದ ಸೆವೇರೊ. ಅವನ ಮೀಸೆಯೂ ಅಲುಗುತ್ತಿತ್ತು. "ನಂಗೂ ಈಗ ನಗು ಬರತ್ತೆ. ಆಗ ಬರ್ತಿರ್ಲಿಲ್ಲ."

"ಇಷ್ಟು ವರ್ಷ ಮನಸ್ಸಲ್ಲೇ ಇಟ್ಕೊಂಡ್ಯಾ ಮಾರಾಯ? ಬಯ್ಯೋದಲ್ವಾ ನನ್ನ?"

"ಬಯ್ದಿದ್ರೆ ನೀನು ಮತ್ತೆ ಅದನ್ನೇ ಹೇಳ್ತಿದ್ದೆ."

ಅದು ನಿಜ ಎಂದು ಅವಳಿಗೆ ಗೊತ್ತಿತ್ತು. ಅವಳು ಒಂದು ಗಜ್ಜರಿ ಎತ್ತಿಕೊಂಡಳು. ಅವನು ಅದನ್ನು ಕೈಯಿಂದ ಕಿತ್ತುಕೊಂಡ. "ನಾಳೆ ಬೆಳಿಗ್ಗೆ ಪ್ಯಾನ್‌ಕೇಕ್ ಮಾಡು," ಎಂದು ಹೇಳಿ ಅವಳು ಹೊರಗೆ ಹೋದಳು.

ಬೆಳಿಗ್ಗೆ ಎದ್ದರೆ ಟೆಂಟಿನ ಬಾಗಿಲಲ್ಲಿ ಟೀ, ಬೋಗುಣಿಯಲ್ಲಿ ಬಿಸಿನೀರು. ಹೆಂಗಸರೆಲ್ಲ ಬಿಸಿನೀರಿಗೆ ಕಾಲು ಇಳಿಬಿಟ್ಟು ಕೂತಿದ್ದರಿಂದ ಮುಖ ತೊಳೆಯುವುದು ಹಿಂದಾಯಿತು. ನಾಷ್ಟಾಕ್ಕೆ ಹನ್ನೊಂದು ತಟ್ಟೆ ಬಂದವು. ಹತ್ತರಲ್ಲಿ ಪ್ಯಾನ್‌ಕೇಕು ದುಂಡಗಿದ್ದವು. ನಿಕಾಸಿಯಳದು ಮಾತ್ರ ಒಂದು ಕಡೆ ಉದ್ದ, ಇನ್ನೊಂದು ಕಡೆ ಅಗಲ. ಹೊಂಬಣ್ಣದ, ಅಚ್ಚುಕಟ್ಟಾದ ಒಂದು ಪಾದದ ಅಟ್ಟೆ. ಹಿಮ್ಮಡಿಯ ಜಾಗದಲ್ಲಿ ಬಾಳೆಹಣ್ಣಿನ ಬಿಲ್ಲೆ. ಉಳಿದವರು ಬಗ್ಗಿ ಬಗ್ಗಿ ನೋಡಿದರು. ಅವಳು ಹೆಬ್ಬೆರಳಿನಿಂದ ಶುರುಮಾಡಿ ಹಿಮ್ಮಡಿಯವರೆಗೆ ತಿಂದಳು.

ಆ ದಿನ ದಾರಿ ಉದ್ದವಿತ್ತು. ಮೋಡದೊಳಗೆ ಹೊಕ್ಕು ಹೊರಬರುತ್ತ, ಹಳೆಯ ಕಲ್ಲಿನ ಸುರಂಗ ದಾಟಿ, ಆರ್ಕಿಡ್ ಹೂವಿನ ಕಾಡಿಗೆ ಇಳಿಯಿತು. ಹೂವಿನ ಬಣ್ಣ ಕಂಡಲ್ಲೆಲ್ಲ ಹೆಂಗಸರು ನಿಂತು, ನೂಲಿಗೆ ಈ ಬಣ್ಣ ಯಾವ ಬೇರು ಅರೆದರೆ ಬರುತ್ತೆ ಎಂದು ಜಗಳವಾಡಿದರು. ಗಂಡಸರು ಈ ಸಲ ಮೊದಲೇ ಹೋಗಿ ಟೆಂಟು ಹೊಡೆದಿದ್ದರು. ಮರ್ಯಾದೆಯ ಪ್ರಶ್ನೆ.

ಕೊನೆಯ ಸಂಜೆ ಪ್ರವಾಸಿಗಳು ಹೊರೆಯವರನ್ನು ಸಾಲಾಗಿ ನಿಲ್ಲಿಸಿ ಕೃತಜ್ಞತೆ ಹೇಳುವುದು ಪದ್ಧತಿ. ಹೆಂಗಸರು ಅದನ್ನೂ ಬಿಡಲಿಲ್ಲ. ಅಡುಗೆಯವನ ಬಗ್ಗೆ ಮಾತಾಡು ಎಂದು ನಿಕಾಸಿಯಳನ್ನು ಮುಂದೆ ತಳ್ಳಿದರು. ಸಂಘದ ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡಿದವಳು ಎರಡು ಸಲ ಟೊಪ್ಪಿ ಸರಿಮಾಡಿಕೊಂಡಳು.

"ಈ ಮನುಷ್ಯನ ಅಡುಗೆ..." ಎಂದು ನಿಂತಳು. "ಇಪ್ಪತ್ತೇಳು ವರ್ಷದ ಹಿಂದೆ ಒಂದು ಮಾತು ಆಡಿದ್ದೆ. ತಪ್ಪಾಯ್ತು. ಸಾರು ಚೆನ್ನಾಗಿತ್ತು. ಎಲ್ಲಾನೂ ಚೆನ್ನಾಗಿತ್ತು." ಆಮೇಲೆ ಪರದೇಶದವರ ಹಾಗೆ ಕೈ ಚಾಚಿ ಗಂಡನ ಕೈ ಕುಲುಕಿದಳು. ಗಂಡಸರು ಶಿಳ್ಳೆ ಹೊಡೆದರು. ಸೆವೇರೊ ಟೊಪ್ಪಿ ತೆಗೆದು ಎದೆಗೆ ಒತ್ತಿಕೊಂಡ.

"ನಾಳೆ ಅಲ್ಲಿ ನಮಗೆ ಏನೇನು ತೋರಿಸ್ತೀಯ?" ಎಂದು ದಾಮಿಯಾನಜ್ಜಿ ಅವನನ್ನು ಕೇಳಿದಳು.

"ನಾನೆಲ್ಲಿ ಬರ್ತೀನಜ್ಜಿ? ನಾವು ಬೆಳಕು ಹರಿಯೋ ಮುಂಚೆ ಸಾಮಾನು ಕಟ್ಕೊಂಡು ರೈಲಿಗೆ ಇಳೀತೀವಿ."

"ಯಾವಾಗ್ಲೂ?"

"ಯಾವಾಗ್ಲೂ. ಮಾಚು ಪಿಚು ಒಳಗೆ ನಾನು ಒಂದು ಸಲಾನೂ ಹೋಗಿಲ್ಲ."

ಹೆಂಗಸರು ಮುಖ ಮುಖ ನೋಡಿಕೊಂಡರು. ಆರುನೂರು ಸಲ ಬಾಗಿಲವರೆಗೆ ಬಂದವನು ಒಳಗೆ ಹೋಗಿಲ್ಲವೆಂದರೆ! ಐದೇ ನಿಮಿಷದಲ್ಲಿ ತೀರ್ಮಾನವಾಯಿತು. ನಾಳೆ ಭಾನುವಾರ, ಈ ಸೀಮೆಯವರು ದುಡ್ಡಿಲ್ಲದೆ ಒಳಗೆ ಹೋಗಬಹುದು ಎಂದು ರೊಸೆಂಡೊ ಹೇಳಿದ. ಶಾಲೆಯ ಜೊತೆ ಒಮ್ಮೆ ನೋಡಿದ್ದ ಚಿಕ್ಕ ಪ್ರಾಯದವರು ಸಾಮಾನು ಇಳಿಸಲಿ, ನೋಡದ ಗಂಡಂದಿರು ಮೇಲೆ ಬರಲಿ. "ಇದು ಮಾಲೀಕರ ಅಪ್ಪಣೆ," ಎಂದಳು ಅಜ್ಜಿ.

ಮಬ್ಬು ಬೆಳಕಿನಲ್ಲಿ, ಮಾಚು ಪಿಚು ಮೊದಲು ಕಣ್ಣಿಗೆ ಬೀಳುವ ಸೂರ್ಯದ್ವಾರಕ್ಕೆ ಬಂದರೆ ಸೂರ್ಯನೂ ಇಲ್ಲ, ಊರೂ ಇಲ್ಲ. ಕಾಲ ಕೆಳಗೆಲ್ಲ ಬಿಳಿ ಮೋಡ. ಫೋಟೋ ತೆಗೆಯಲು ಬಂದ ಪರದೇಶದವರು ಮುಖ ಬಾಡಿಸಿಕೊಂಡು ಕೂತಿದ್ದರು. ದಾಮಿಯಾನಜ್ಜಿ ಅವರಿಗೆ ಬೇಯಿಸಿದ ಆಲೂಗಡ್ಡೆ ಹಂಚಿ, ರೊಸೆಂಡೊನ ಫೋನು ಇಸಿದುಕೊಂಡು, "ನಗ್ರಪ್ಪಾ," ಎಂದು ಅವರದೇ ಫೋಟೋ ತೆಗೆದಳು. ಅವರು ಏನೆಂದು ತಿಳಿಯದೆಯೂ ನಕ್ಕರು.

ಮೋಡ ಸರಿಯಲಿಲ್ಲ. ಅವರು ಅದರೊಳಗೇ ಇಳಿದರು. ಮೊದಲು ಒಂದು ಮೆಟ್ಟಿಲು, ಆಮೇಲೆ ಒಂದು ಗೋಡೆಯ ಮೂಲೆ, ಆಮೇಲೆ ಒದ್ದೆ ಹುಲ್ಲಿನ ಪಾವಟಿಗೆ ಗದ್ದೆ, ಕಲ್ಲುಗಳು ಒಂದೊಂದಾಗಿ ಎದುರಿಗೆ ಬಂದು ನಿಂತವು. ನಿಕಾಸಿಯ ಗೋಡೆಯ ಮೇಲೆ ಕೈಯಾಡಿಸಿದಳು. ಕಲ್ಲಿಗೂ ಕಲ್ಲಿಗೂ ನಡುವೆ ಉಗುರು ತೂರಲಿಲ್ಲ. ಒಳ್ಳೆಯ ನೇಯ್ಗೆ ಎಂದುಕೊಂಡಳು.

ಸೆವೇರೊ ಪ್ರತಿ ಕೋಣೆಯೊಳಗೂ ಇಣುಕುತ್ತ ನಡೆಯುತ್ತಿದ್ದ. ರೊಸೆಂಡೊ ದೇವಸ್ಥಾನ ತೋರಿಸಿದ, ಅರಸನ ಮನೆ ತೋರಿಸಿದ. ಕೊನೆಗೆ ಸೆವೇರೊ ಕೇಳಿದ. "ಅದೆಲ್ಲ ಸರಿ. ಅಡುಗೆ ಎಲ್ಲಿ ಮಾಡ್ತಿದ್ರು?"

ರೊಸೆಂಡೊ ತಲೆ ಕೆರೆದುಕೊಂಡ. "ಅದನ್ನ ಯಾರೂ ಕೇಳಲ್ಲ ಅಣ್ಣ."

"ಇಷ್ಟು ಜನ ಇದ್ರು ಅಂತೀಯ. ಅವರಿಗೆ ಸಾರು ಬೇಡ್ವಾ?"

ಅವನು ಹುಡುಕಲು ಹೊರಟ, ನಿಕಾಸಿಯ ಹಿಂದೆಯೇ ಹೋದಳು. ನೀರಿನ ಕಾಲುವೆಯ ಪಕ್ಕದಲ್ಲಿ ಒಂದು ಮಾಡಿಲ್ಲದ ಕೋಣೆ, ಗೋಡೆಯಲ್ಲಿ ಗೂಡುಗಳು. ಸೆವೇರೊ ನಡುವೆ ನಿಂತು ಬೆರಳು ಒದ್ದೆ ಮಾಡಿ ಗಾಳಿ ನೋಡಿದ. "ಇದೇ. ನೀರು ಹತ್ರ. ಒಲೆ ಈ ಮೂಲೇಲಿ."

"ಆ ಮೂಲೇಲಾ? ಹೊಗೆಯೆಲ್ಲ ಮುಖಕ್ಕೇ ಬಡಿಯತ್ತೆ. ಒಲೆ ಇಲ್ಲಿ."

"ಅಲ್ಲಿ ಬಾಗಿಲಿಗೆ ಅಡ್ಡ. ಸಾರಿನ ಹಂಡೆ ಹೊತ್ಕೊಂಡು ಎಲ್ಲಿಂದ ಹೋಗ್ತೀಯ?"

"ನಾನ್ಯಾಕೆ ಹೊರಲಿ? ಹೊರೋದು ನೀನು."

ಮಾತು ಏರಿತು. ಬೇರೊಬ್ಬ ಗೈಡಿನ ಹಿಂದೆ ಬಂದ ಪ್ರವಾಸಿಗಳ ಒಂದು ಗುಂಪು ಬಾಗಿಲಲ್ಲಿ ನಿಂತು, ಇದೇನೋ ಪೂಜೆಯೆಂದು ತಿಳಿದು ಭಕ್ತಿಯಿಂದ ಕೇಳತೊಡಗಿತು. ಇಬ್ಬರಿಗೂ ಅದರ ಪರಿವೆಯೇ ಇರಲಿಲ್ಲ. ಗೂಡಿನಲ್ಲಿ ಉಪ್ಪು ಇಡಬೇಕೋ ಮೆಣಸಿನಕಾಯಿಯೋ ಎಂಬಲ್ಲಿಗೆ ಜಗಳ ಬಂದಿತ್ತು.

"ಸರಿ, ಎರಡು ಒಲೆ ಇಡೋಣ," ಎಂದ ಸೆವೇರೊ. "ನಿಂದು ಅಲ್ಲಿ, ನಂದು ಇಲ್ಲಿ."

"ಇಬ್ಬರೂ ಬೆನ್ನಿಗೆ ಬೆನ್ನು ಹಾಕಿದ್ರೆ ಜಾಗ ಸಾಲಲ್ಲ."

"ಹಾಗಾದ್ರೆ ಮುಖ ಮಾಡಿ ನಿಂತ್ಕೊಳ್ಳೋಣ."

ನಿಕಾಸಿಯ ಕೋಣೆಯನ್ನು ಹೆಜ್ಜೆಯಿಂದ ಅಳೆದಳು. ಐದು ಹೆಜ್ಜೆ. ಮನೆಯ ಅಡುಗೆಕೋಣೆ ಆರು. "ಸಾಲತ್ತೆ," ಎಂದಳು.

ಅಷ್ಟರಲ್ಲಿ ಎಲ್ಲೋ ಮೇಲಿನಿಂದ ಕಾವಲುಗಾರನ ಸೀಟಿ ಕೇಳಿತು. ದಾಮಿಯಾನಜ್ಜಿ ಅರಸನ ಗೋಡೆಯ ಮೇಲೆ ಹತ್ತಿ ಕೂತು, ಎರಡೂ ಕಾಲು ಇಳಿಬಿಟ್ಟುಕೊಂಡು, ಕೆಳಗಿಳಿಯಲು ಒಪ್ಪದೆ ನೂಲು ತೆಗೆಯುತ್ತಿದ್ದಳು.