ಹೆಬ್ಬೆರಳಿನ ಮುಂದಿನ ಜಾಗ

ಮಳೆಗಾಲ ಮುಗಿದು ಆಕಾಶವು ತೊಳೆದ ಕಣ್ಣನ್ನು ಮೊದಲ ಸಲ ತೆರೆಯುವ ಆ ಸಂಜೆ, ಊರಿನ ಉತ್ತರಕ್ಕೆ, ಮನೆಗಳ ಸಾಲು ಮುಗಿದಾಚೆ, ಗಿರಿಶ್ರೇಣಿಯೊಂದು ಮೆಲ್ಲನೆ ಮೈದೋರುತ್ತದೆ... ತಿಂಗಳುಗಟ್ಟಲೆ ಮೋಡದ ಮುಸುಕಿನೊಳಗೆ ಇದೆಯೋ ಇಲ್ಲವೋ ಎಂಬಂತಿದ್ದದ್ದು, ಇದ್ದಕ್ಕಿದ್ದಂತೆ ತನ್ನ ಹಿಮಧವಳ ಶಿಖರಗಳನ್ನು ಅಸ್ತಮಾನದ ಅರುಣಕಾಂತಿಗೆ ಒಡ್ಡಿ, "ಇಲ್ಲೇ ಇದ್ದೆನಲ್ಲ, ಎಲ್ಲಿ ಹೋದೇನು ನಾನು!" ಎನ್ನುವಂತೆ ನಿಂತುಬಿಡುತ್ತದೆ. ಆ ಬೆಳಕನ್ನು ಕಂಡ ಮೇಲೆ ಸುಮ್ಮನಿರುವವರು ಯಾರು, ಸಹೃದಯರೇ? ಹರೆಯದವರಿಗೆ ಹೋಗಬೇಕು ಅನ್ನಿಸುತ್ತದೆ. ಹಣ್ಣಾದವರಿಗೆ ಹೋಗಬೇಕಿತ್ತು ಅನ್ನಿಸುತ್ತದೆ.

ಆದರೆ ಬೂಟುಗಾರ ಆ ಬೆಳಕಿಗೆ ಬೆನ್ನು ಹಾಕಿ ಕೂರುವವನು. ಅವನ ಕೆಲಸದ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಉತ್ತರಕ್ಕೆ. ಅವನ ಮಣೆ ಮಾತ್ರ ಮೂವತ್ತನಾಲ್ಕು ವರ್ಷಗಳಿಂದ ದಕ್ಷಿಣದ ಗೋಡೆಗೆ ಮುಖ ಮಾಡಿತ್ತು. ಯಾರಾದರೂ ಕೇಳಿದರೆ, "ಬೆಳಕು ಹೆಗಲ ಮೇಲಿಂದ ಬಂದ್ರೆ ಹೊಲಿಗೆ ನೇರ ಬರತ್ತೆ" ಎನ್ನುತ್ತಿದ್ದ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಆ ಗೋಡೆಯ ತುಂಬ ಮರದ ಕಾಲಚ್ಚುಗಳು. ಬೆಟ್ಟಕ್ಕೆ ಹೋಗುವವರ ಪಾದದ ಆಕಾರಕ್ಕೆ ಕೆತ್ತಿ, ಅದರ ಮೇಲೆ ತೊಗಲನ್ನು ಎಳೆದು ಬೂಟು ಹೊಲಿಯುವ ಅಚ್ಚುಗಳವು. ಮೇಲಿನ ಸಾಲಿನ ಮೂಲೆಯಲ್ಲಿ, ಧೂಳು ಹಿಡಿದೂ ಹಿಡಿಯದಂತೆ, ಒಂದು ಜೊತೆ ಪುಟ್ಟ ಅಚ್ಚು ಇತ್ತು. ಅದು ಅವನ ಹೆಂಡತಿಯ ಪಾದ... ಅವಳು ಇನ್ನೂ ಅವನ ಹೆಂಡತಿಯಾಗುವ ಮೊದಲಿನ ಪಾದ!

ಆಗ ಅವಳಿಗೆ ಇಪ್ಪತ್ತಾರು. ಊರಿನ ಹವಾಮಾನ ಕಚೇರಿಯಲ್ಲಿ ಮಳೆ ಅಳೆಯುವ ಕೆಲಸ. ಪರ್ವತದ ಎತ್ತರದ ಕಣಿವೆಯನ್ನು ದಾಟಿದರೆ ಆಚೆಗೊಂದು ಹಿಮದ ಠಾಣೆ. ಅಲ್ಲಿ ಎರಡು ವರ್ಷ ಇದ್ದು ಗಾಳಿಯ ವೇಗ, ಹಿಮದ ಆಳ ಬರೆದಿಡಲು ಅವಳನ್ನು ಆರಿಸಿದ್ದರು. ಚಿಗರೆಯಂತೆ ಕುಣಿಯುತ್ತ ಬಂದು ಅವನಲ್ಲಿ ಬೂಟು ಹೊಲಿಸಿಕೊಂಡಳು. ಹೋದ ಐದನೆಯ ದಿನಕ್ಕೆ ಕುಂಟುತ್ತ ಹಿಂತಿರುಗಿದಳು. ಏಳು ಏರು, ಏಳು ಇಳಿವಿನ ಆ ದಾರಿಯಲ್ಲಿ ಮೂರನೆಯ ಇಳಿವಿಗೇ ನಾಲ್ಕು ಉಗುರು ಕಪ್ಪಾಗಿದ್ದವು. ಬಿಸಿನೀರಿನ ಬೋಗುಣಿಯಲ್ಲಿ ಆ ಪಾದಗಳನ್ನಿಟ್ಟು ತೊಳೆದವನು ಅವನೇ. "ಬೆಟ್ಟ ನನ್ನ ಒಲ್ಲೆ ಅಂತು" ಎಂದು ಅವಳು ಅತ್ತದ್ದು ಅವನ ಹೆಗಲ ಮೇಲೆಯೇ. ಠಾಣೆಯ ಕೆಲಸ ಬೇರೆಯವರ ಪಾಲಾಯಿತು. ವರ್ಷ ತುಂಬುವುದರೊಳಗೆ ಇಬ್ಬರಿಗೂ ಮದುವೆಯಾಯಿತು.

ಈಗ ನಿವೃತ್ತಳಾದ ಅವಳು, ಕಚೇರಿಯ ಹಳೆಯ ಗೆಳತಿಯರ ಜೊತೆ, ಹನ್ನೆರಡು ದಿನಗಳ ಮಟ್ಟಿಗೆ, ಅದೇ ಕಣಿವೆಗೆ ಹೊರಟಿದ್ದಳು.

ಆ ಸಿದ್ಧತೆಯ ಸಂಭ್ರಮವನ್ನು ಏನೆಂದು ಹೇಳುವುದು! ಬೆನ್ನಿಗೆ ಮರಳಿನ ಚೀಲ ಕಟ್ಟಿಕೊಂಡು ದಿನವೂ ಗಡಿಯಾರ ಗೋಪುರದ ಇನ್ನೂರ ಹನ್ನೆರಡು ಮೆಟ್ಟಿಲು ಹತ್ತುವುದು. ಎದೆಬಡಿತ ಎಣಿಸಿ, ಹಳೆಯ ಅಭ್ಯಾಸದಂತೆ, ಗಂಟೆ ನಿಮಿಷದ ಸಮೇತ ಪುಸ್ತಕದಲ್ಲಿ ಬರೆಯುವುದು. ಅಡುಗೆಮನೆಯ ತಕ್ಕಡಿಯಲ್ಲಿ ಸ್ವೆಟರು, ಟಾರ್ಚು, ಔಷಧಿಯ ಡಬ್ಬಿ ಒಂದೊಂದನ್ನೂ ತೂಗುವುದು.

"ಅಪ್ಪಾ, ಅಮ್ಮ ಹಲ್ಲುಜ್ಜೋ ಬ್ರಶ್ಶಿನ ಹಿಡಿನೂ ಕತ್ತರಿಸಿಟ್ಟಿದ್ದಾಳೆ, ಭಾರ ಅಂತೆ!" ಎಂದು ಮಗಳು ನಕ್ಕಳು. "ನಾಳೆ ಜಡೆನೂ ಕತ್ತರಿಸ್ತಾಳೆ ನೋಡ್ತಿರು."

"ಹೊತ್ಕೊಂಡು ಹೋಗೋಳು ನಾನು ತಾನೇ? ನಿಂಗೇನೇ ಕಷ್ಟ?" ಎಂದಳು ತಾಯಿ. ಮರುದಿನ ಬೆಳಿಗ್ಗೆ ಕೆಲಸದ ಕೋಣೆಯ ಬಾಗಿಲಿಗೆ ಬಂದು ನಿಂತಳು. "ರೀ, ಎಲ್ಲಾ ಆಯ್ತು. ಬೂಟು ಒಂದು ಬಾಕಿ. ಅಳತೆ ತಗೊಂಡ್ಬಿಡಿ."

"ಈಗ ಬೇಡ," ಎಂದ ಅವನು, ದಾರಕ್ಕೆ ಮೇಣ ಎಳೆಯುತ್ತ. "ಸಂಜೆ ಬಾ. ಗೋಪುರ ಹತ್ತಿ ಇಳಿದು ಸೀದಾ ಇಲ್ಲಿಗೆ ಬಾ. ಉಣ್ಣೆ ಕಾಲುಚೀಲ ಎರಡು ಜೊತೆ ಹಾಕ್ಕೊಂಡಿರು."

"ಅದ್ಯಾಕೆ?"

"ನಡೆದ ಕಾಲು ಸಂಜೆಗೆ ಉಬ್ಬಿರತ್ತಲ್ಲ. ಇಳಿಯೋವಾಗ ಬೆರಳು ಮುಂದಕ್ಕೆ ಬೇರೆ ಜಾರತ್ತೆ. ಬೆಟ್ಟದ ಬೂಟಿಗೆ ಸಂಜೆ ಕಾಲೇ ಅಳತೆ. ನಮ್ಮಪ್ಪ ನಂಗೆ ಕಲಿಸಿದ ಮೊದಲನೇ ಪಾಠ..."

ಮಾತು ಅಲ್ಲೇ ನಿಂತಿತು. ಅವನ ಕೈಯೂ ನಿಂತಿತು.

ಅವಳು ಬಾಗಿಲ ಚೌಕಟ್ಟು ಹಿಡಿದು ಯೋಚಿಸಿದಳು. ಜೀವಮಾನವೆಲ್ಲ ಹೊತ್ತನ್ನು ಬರೆದಿಟ್ಟವಳಿಗೆ ಹೊತ್ತು ಮರೆಯುವುದೆಂತು? "ಆವತ್ತು ನೀವು ಬೆಳಿಗ್ಗೆ ತಗೊಂಡ್ರಿ," ಎಂದಳು. "ಎಂಟು ಗಂಟೆಗೆ. ಬರಿಗಾಲಲ್ಲಿ. ಎಂಟೂವರೆಗೆ ಮಳೆ ಅಳೀಬೇಕು ಅಂತ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ್ದೆ."

ಅವನು ಮೇಣದ ಉಂಡೆಯನ್ನು ಕೆಳಗಿಟ್ಟ.

"ಮರ್ತಿರ್ಬೇಕು ಬಿಡಿ," ಎಂದಳು ಅವಳು, ಬಹಳ ಮೃದುವಾಗಿ. "ಚಿಕ್ಕ ವಯಸ್ಸು."

ಎಷ್ಟು ಸುಲಭದ ಬಾಗಿಲನ್ನು ತೆರೆದಿಟ್ಟಳು! ತಲೆಯಾಡಿಸಿದ್ದರೆ ಸಾಕಿತ್ತು, ಮೂವತ್ತನಾಲ್ಕು ವರ್ಷದ ಸಂಸಾರ ಶರದೃತುವಿನ ಕೊಳದಂತೆ ಕದಡದೆ ಉಳಿಯುತ್ತಿತ್ತು. ಆದರೆ ಅದೇ ಪಾದಕ್ಕೆ ಅವನು ಮತ್ತೆ ಬೂಟು ಹೊಲಿಯಬೇಕಿತ್ತು... ಸುಳ್ಳಿನ ಮೇಲೆ ತೊಗಲು ಎಳೆದು ಮೊಳೆ ಹೊಡೆಯುವುದು ಎರಡನೆಯ ಸಲ ಅವನಿಂದ ಆಗಲಿಲ್ಲ.

"ಮರ್ತಿರ್ಲಿಲ್ಲ," ಎಂದ.

ಎದ್ದು, ಮೊಳೆಯ ಡಬ್ಬಿಯ ತಳದಿಂದ ಒಂದು ತೊಗಲಿನ ತುಂಡು ತೆಗೆದು ಅವಳ ಅಂಗೈಯಲ್ಲಿಟ್ಟ. ಒಣಗಿ ಕಟ್ಟಿಗೆಯಂತಾಗಿತ್ತು, ಅರ್ಧ ಬೆರಳಿನ ದಪ್ಪವೂ ಇಲ್ಲ. "ಬೆಟ್ಟದ ಬೂಟಿಗೆ ಅಚ್ಚಿನ ಮೂತಿಗೆ ಇದನ್ನ ಅಂಟಿಸ್ತೀವಿ, ಹೆಬ್ಬೆರಳಿನ ಮುಂದೆ ಜಾಗ ಉಳೀಲಿ ಅಂತ. ನಿನ್ನ ಅಚ್ಚಿಗೂ ಅಂಟಿಸಿದ್ದೆ. ಆಮೇಲೆ ಕಿತ್ತೆ. ಕಣಿವೆ ದಾಟಿದ್ರೆ ಎರಡು ವರ್ಷ ನೀನು ಆಚೆಗೇ ಇರ್ತಿದ್ದೆ. ನಾನಿನ್ನೂ ನಿಂಗೆ ಒಂದು ಮಾತೂ ಹೇಳಿರ್ಲಿಲ್ಲ."

ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು. ತುಂಡನ್ನು ಮಣೆಯ ಮೇಲಿಟ್ಟು ಹೊರಟುಹೋದಳು.

ಒಂಬತ್ತು ದಿನ! ಊಟಕ್ಕೆ ಕರೆದಳು, ಬಾಗಿಲು ಹಾಕಿದಿರಾ ಎಂದು ಕೇಳಿದಳು, ಅದರಾಚೆ ಒಂದಕ್ಷರವಿಲ್ಲ. ಮಗಳು ಇಬ್ಬರ ಮುಖವನ್ನೂ ನೋಡಿ ತಕ್ಕಡಿಯ ತಮಾಷೆ ನಿಲ್ಲಿಸಿದಳು. ಪ್ರತಿ ಸಂಜೆ ಗೋಪುರದ ಕಿಂಡಿಗಳಲ್ಲಿ ಅವಳ ನೆರಳು ಏರುವುದನ್ನು ಅವನು ಬೀದಿಯಲ್ಲಿ ನಿಂತು ನೋಡುತ್ತಿದ್ದ. ಒಂದೊಂದು ಮೆಟ್ಟಿಲೂ ತನ್ನ ಎದೆಯ ಮೇಲೆಯೇ ಎನ್ನಿಸುತ್ತಿತ್ತು.

ಹತ್ತನೆಯ ಸಂಜೆ ಅವಳು ಬೆವರಿನಲ್ಲಿ ತೊಯ್ದು ಸೀದಾ ಕೋಣೆಗೆ ಬಂದಳು. ಎರಡು ಜೊತೆ ಕಾಲುಚೀಲ. ಕುಳಿತು, ಪಾದ ಮುಂದಿಟ್ಟು, "ತಗೊಳ್ಳಿ" ಎಂದಳು.

ಅವನು ಮಂಡಿಯೂರಿ ಟೇಪು ಸುತ್ತಿದ.

"ಉಗುರು ಹೋದ್ರೆ ಹೋಗ್ಲಿ, ಮತ್ತೆ ಬಂತು," ಎಂದಳು ಅವನ ನೆತ್ತಿಯ ನರೆಯನ್ನು ನೋಡುತ್ತ. "ಬೆಟ್ಟ ನನ್ನ ಒಲ್ಲೆ ಅಂತು ಅಂತಲೇ ಇಷ್ಟು ವರ್ಷ ಬದುಕಿದೆ. ಮಗಳು ಗೋಡೆ ಹತ್ತಿದ್ರೂ, 'ಇಳಿಯೇ, ನಮ್ಮ ಕಾಲು ಅದಕ್ಕಲ್ಲ' ಅಂದೆ. ಅದೂ ಇರ್ಲಿ. ಇನ್ನೊಂದಿದೆ."

"ಹೇಳು."

"ಆವತ್ತು ನಾನು ನಿಮ್ಮ ಹತ್ರ ಬಂದಿದ್ದು ನೀವು ಬೇಕು ಅಂತಲೋ, ಕಾಲು ನೋವು ಅಂತಲೋ? ಒಂಬತ್ತು ದಿನ ಯೋಚಿಸ್ದೆ. ನಂಗೇ ಗೊತ್ತಾಗ್ಲಿಲ್ಲ ರೀ. ನಿಮಗಂತೂ ಯಾವತ್ತೂ ಗೊತ್ತಿರ್ಲಿಲ್ಲ, ಅಲ್ವಾ?"

"ಇಲ್ಲ," ಎಂದ ಅವನು. ಆ ಎರಡಕ್ಷರದೊಳಗೆ ಅವನ ಯೌವನವೆಲ್ಲ ಇತ್ತು... ಪಕ್ಕದಲ್ಲೇ ಮಲಗಿದ್ದವಳನ್ನು ಮೂವತ್ತನಾಲ್ಕು ವರ್ಷ ಕಳವಿನ ಒಡವೆಯಂತೆ ಕಾದವನ ದಣಿವೆಲ್ಲ ಇತ್ತು.

ಹಳೆಯ ಅಚ್ಚನ್ನು ಇಳಿಸಿ ಒರೆಸಿದ. ಆ ಒಣತುಂಡನ್ನು ನೆನೆಸಿ, ಬಡಿದು, ಮೆತ್ತಗೆ ಮಾಡಿ ಅದರ ಜಾಗಕ್ಕೇ ಅಂಟಿಸಿದ. ವಯಸ್ಸಾದ ಪಾದವೆಂದು ಮೇಲೊಂದು ತೆಳು ಪದರವನ್ನೂ ಕೂಡಿಸಿದ. ಬೂಟು ಮುಗಿದ ದಿನ ಅವಳು ಅದನ್ನು ತೊಟ್ಟು ಹೊಸ್ತಿಲಿಗೆ ಮೂರು ಸಲ ಒದ್ದು ನೋಡಿದಳು.

"ಜಾಗ ಇದೆಯಾ?"

"ಇದೆ."

ಹೊರಡುವ ಬೆಳಿಗ್ಗೆ ಬಸ್ಸಿನ ಗಾಜಿನ ಮೇಲೆ ಇಬ್ಬನಿ ಕಟ್ಟಿತ್ತು. ಮಗಳು ಚೀಲವನ್ನು ಮೇಲಕ್ಕೆ ದಾಟಿಸಿದಳು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವಳು ತಿರುಗಿದಳು.

"ನಾನು ಬಂದ್ರೆ," ಎಂದಳು, "ಈ ಸಲ ಕಾಲು ನೋವಿಗೆ ಬಂದೆ ಅಂದ್ಕೋಬೇಡಿ."

ಬಸ್ಸು ಹೋಯಿತು. ಅವನು ಕೋಣೆಗೆ ಮರಳಿ ಮಣೆಯನ್ನು ಎಳೆದು ಉತ್ತರಕ್ಕೆ ತಿರುಗಿಸಿದ. ಅಂದು ಕೈಯ ನೆರಳು ತೊಗಲಿನ ಮೇಲೆಯೇ ಬಿದ್ದು ಹೊಲಿಗೆಯೆಲ್ಲ ಸೊಟ್ಟ ಬಂತು. ಬಿಚ್ಚಿ ಮತ್ತೆ ಹೊಲಿದ. ಕಣ್ಣೆತ್ತಿದಾಗಲೆಲ್ಲ ಕಿಟಕಿಯ ತುಂಬ ಆ ಶುಭ್ರ ಶಿಖರಗಳು...

ಸಹೃದಯರೇ, ಒಲಿದವರನ್ನು ಉಳಿಸಿಕೊಳ್ಳಲು ಮನುಷ್ಯ ಏನೆಲ್ಲ ಮಾಡುತ್ತಾನೆ! ಬಿಗಿದಷ್ಟೂ ತನ್ನದೆಂದು ತಿಳಿಯುತ್ತಾನೆ. ಬಿಗಿಯದಿದ್ದರೂ ತಾನಾಗಿಯೇ ನಿಲ್ಲುತ್ತಿತ್ತು ಎಂದು ತಿಳಿಯುವ ಸುಖವನ್ನು ಮಾತ್ರ ತನ್ನ ಕೈಯಾರೆ ಕಳೆದುಕೊಳ್ಳುತ್ತಾನೆ. ಪ್ರೀತಿಗೂ ಹೆಬ್ಬೆರಳಿನ ಮುಂದೆ ಒಂದಿಷ್ಟು ಜಾಗ ಬೇಕು... ಹೋಗಲಿಕ್ಕೆ, ಮತ್ತು ಮನಸ್ಸಾದರೆ, ತಿರುಗಿ ಬರಲಿಕ್ಕೆ.