ವಾಲೆರಾನ್‌ನ ಎಡಗೆನ್ನೆ

ಮಗ್ಗದಿಂದ ಚಿತ್ರದ ಬಟ್ಟೆ ಕೊಯ್ಯೋ ದಿನ ಅಂದ್ರೆ ನಮ್ಮ ನೇಕಾರರ ಊರು ಒಬ್ಯುಸೋನ್‌ನಲ್ಲಿ ಹಬ್ಬ. ನೇಯೋದು ಹಿಂದಿನಿಂದ, ಹಾಗಾಗಿ ಎಂಟು ತಿಂಗಳು ನಾವು ನೋಡಿದ್ದೆಲ್ಲ ಹಿಂಬದಿ. ಮುಂಬದಿ ಕಾಣೋದು ಅವತ್ತೇ. ಬೆಳಗ್ಗಿನಿಂದ ನನ್ನ ಕಾಲು ನಿಂತಲ್ಲಿ ನಿಲ್ಲಲಿಲ್ಲ.

ನೇಯ್ದದ್ದು ದರೋಡೆಕೋರ ವಾಲೆರಾನ್‌ನನ್ನ. ಅವನ ಕಥೆ ಗೊತ್ತಿಲ್ಲದವರು ಊರಲ್ಲಿ ಯಾರಿದ್ದಾರೆ? ಪ್ರೇಯಸಿ ಉಂಗುರ ತೊಟ್ಟ ಬಲಗೈಯಲ್ಲಿ ಬಾರಿಸಿದ್ದಕ್ಕೆ ಎಡಗೆನ್ನೆಯಲ್ಲಿ ಗಾಯದ ಗುರುತು. ಅವನ ಕಥೆಪುಸ್ತಕದ ಆ ಪುಟವನ್ನ ನಾವು ಮಗ್ಗದ ಹತ್ತಿರ ನೂರು ಸಲ ಓದಿಸಿ ಕೇಳಿದ್ದೇವೆ.

ಅಪ್ಪ ಲೆಯೊಬೋನ್ ಆರು ವರ್ಷ ನನಗೆ ನೇಯೋಕೆ ಎಲೆ, ಹುಲ್ಲು ಬಿಟ್ಟು ಬೇರೇನೂ ಕೊಟ್ಟವನಲ್ಲ. ಈ ಸಲ ಕತ್ತಿ ಹಿಡಿದ ಕೈಯನ್ನ ಚಿತ್ರದಲ್ಲಿದ್ದಂಗೇ ತಾನೇ ನೇಯ್ದು ಮಗ್ಗದ ದಿಂಡಿಗೆ ಸುತ್ತಿಡುವ ಹೊತ್ತಿಗೆ ಅವನ ಕಣ್ಣು ಮಂಜಾಯಿತು.

"ಸಿಲ್ವೇನ್, ಮುಖ ನೀನು ನೇಯಿ. ಮಗ್ಗದ ಕೆಳಗಿಟ್ಟಿರೋ ಚಿತ್ರದಲ್ಲಿ ಇದ್ದಂಗೇ! ಒಂದೆಳೆ ಆಚೀಚೆ ಆದ್ರೂ ಸಾಯೋತನಕ ನೂಲು ಸುತ್ತೋದೇ ನಿನ್ನ ಹಣೆಬರಹ."

ಚಿತ್ರ ನೋಡಿದೆ. ಗಾಯ ಎಡಗೆನ್ನೆಯಲ್ಲೇ ಇತ್ತು. ಅಯ್ಯೋ ನಿನ್ನ! ಹಿಂದಿನಿಂದ ನೇಯ್ದರೆ ಎಡ ಬಲವಾಗುತ್ತೆ, ಅದಕ್ಕೇ ಚಿತ್ರಗಾರರು ತಿರುಗಿಸಿ ಬರೆಯೋದು. ಈ ಮಹಾರಾಯ ಮರೆತಿದ್ದ. ಅಪ್ಪನಿಗೆ ಹೇಳಿದೆ.

"ಚಿತ್ರ ಬರೆದವನಿಗಿಂತ ನೀನು ದೊಡ್ಡವಳೇನೇ? ಬಾಯ್ಮುಚ್ಚಿ ನೇಯಿ."

ಬಾಯಿ ಮುಚ್ಚಿದೆ. ಗಾಯವನ್ನ ಮಾತ್ರ ಆಚೆ ಕೆನ್ನೆಗೆ ಹಾಕಿದೆ.

ಕೊಯ್ಯೋ ದಿನ, ಬಟ್ಟೆ ಮಾಡಿಸಿದ ವೆರ್ನೂಸ್ ಅಮ್ಮನವರೇ ಕತ್ತರಿ ಹಿಡಿದರು. ಕಚ್, ಕಚ್, ಕಚ್! ನಾಲ್ಕು ಜನ ಹಿಡಿದು ಬಟ್ಟೆ ಮಗುಚಿದೆವು.

"ಎಡಗೆನ್ನೆ! ಥೇಟ್ ಪುಸ್ತಕದಲ್ಲಿದ್ದ ಹಾಗೇ!" ಅಂತ ಅಮ್ಮನವರು ಚಪ್ಪಾಳೆ ತಟ್ಟಿದರು. ನಾನು ಕುಣಿಯೋದೊಂದು ಬಾಕಿ.

ಅಪ್ಪ ಕೆಂಡಾಮಂಡಲ. "ಚಿತ್ರ ಮೀರಿದೆಯೇನೇ?" ಅಂತ ಹಲ್ಲು ಕಡಿದ.

"ಆದ್ರೆ ಕತ್ತಿ ಯಾಕ್ರೀ ಎಡಗೈಯಲ್ಲಿದೆ?" ಅಂದರು ಅಮ್ಮನವರು.

ನೋಡೋಕೆ ಬಂದಿದ್ದ ನೆರೆಹೊರೆಯವರೆಲ್ಲ ಗೊಳ್ಳೆಂದು ನಕ್ಕರು. 'ಹೇಳಿದ್ದೆ ಅಲ್ವಾ!' ಅನ್ನೋದು ನನ್ನ ನಾಲಿಗೆ ತುದಿಗೇ ಬಂದಿತ್ತು.

ಅಪ್ಪ ಕಣ್ಣು ಕಿರಿದು ಮಾಡಿ ಆ ಕೈಯನ್ನ ನೋಡಿದ, ಕೆನ್ನೆಯನ್ನ ನೋಡಿದ. "ಕೈ ನೇಯ್ದೋನು ನಾನು ಅಮ್ಮಾ," ಅಂದ. "ಮುಖ ನನ್ನ ಮಗಳದು."

"ಎಡಚನೇ ಇರಲಿ ಬಿಡಿ," ಅಂತ ಅಮ್ಮನವರು ನಕ್ಕರು. "ಮುಖ ಮಾತ್ರ ಅವನದೇ."

ಅಪ್ಪ ಮಗ್ಗದ ಹತ್ತಿರ ಹೋದ. ಮುಖ, ಕೈ ನೇಯೋರು ಕೂರೋ ಬೆಂಚಿನ ನಡುವೆ ಇಪ್ಪತ್ತು ವರ್ಷದಿಂದ ಇದ್ದ ತನ್ನ ಮೆತ್ತೆ ಎತ್ತಿಕೊಂಡು, ನಾನು ಎಲೆ, ಹುಲ್ಲು ನೇಯೋ ಮೂಲೆಗೆ ಹೋಗಿ ಕೂತ.

"ಎಲೆ ಹಸಿರಿನ ನೂಲು ಎಲ್ಲಿಟ್ಟಿದ್ದೀಯೇ?" ಅಂತ ಕೇಳಿದ.

ನೂಲು ತಂದು ಅವನ ಕೈಗೆ ಕೊಟ್ಟು, ನಡುವೆ ಹೋಗಿ ಕೂತೆ.